ಆ ಒಂದು ಮಿಲಿಮೀಟರ್

ಇವತ್ತು ಲ್ಯಾಬಲ್ಲಿ ಪ್ಲಾಸ್ಮಾದೊಳಗೆ, ಅಂದ್ರೆ ಎಲೆಕ್ಟ್ರಾನ್ ಮತ್ತು ಅವನ್ನ ಕಳ್ಕೊಂಡ ಅಯಾನ್‌ಗಳಾಗಿ ಒಡೆದ ಆರ್ಗಾನ್ ಅನಿಲದೊಳಗೆ, ವೋಲ್ಟೇಜ್ ಅಳೆಯೋ ಪ್ರೋಬನ್ನ ಒಂದೊಂದೇ ಮಿಲಿಮೀಟರ್ ಹಿಂದಕ್ಕೆ ಎಳೀತಾ ರೀಡಿಂಗ್ ಬರ್ಕೊಳ್ತಿದ್ದೆ, ಎಲ್ಲಾ ಹೆಚ್ಚುಕಮ್ಮಿ ಒಂದೇ ತರ ಬರ್ತಿತ್ತು, ಇದ್ದಕ್ಕಿದ್ದಂಗೆ ವೋಲ್ಟೇಜ್ ಇಳೀತು. ವಾಪಸ್ ತಳ್ಳಿದೆ, ಏರ್ತು. ಎಳೆದೆ, ಇಳೀತು.

ಅಲ್ಲಿಂದ ಸ್ವಲ್ಪ ಒಳಗೆ ಕಾಂತಕ್ಷೇತ್ರ 875 ಗೌಸ್. ಅಷ್ಟಿದ್ರೆ ಎಲೆಕ್ಟ್ರಾನ್ ಕಾಂತರೇಖೆ ಸುತ್ತ ಸೆಕೆಂಡಿಗೆ 245 ಕೋಟಿ ಸುತ್ತು ಹಾಕುತ್ತೆ, ಪ್ಲಾಸ್ಮಾಕ್ಕೆ ನಾವು ಬಿಡೋ 2.45 ಗಿಗಾಹರ್ಟ್ಸ್ ಮೈಕ್ರೋವೇವ್‌ದೂ ಅದೇ ಲೆಕ್ಕ. ಎರಡೂ ಒಂದೇ ಕಡೆಗೆ ತಿರುಗ್ತಿದ್ರೆ ಎಲೆಕ್ಟ್ರಾನ್ ಅಲೆಯ ಶಕ್ತೀನ ಹೀರ್ಕೊಂಡುಬಿಡುತ್ತೆ. ಬಿಸಿಯಾದ ಎಲೆಕ್ಟ್ರಾನ್‌ಗಳು ಕಾಂತರೇಖೆ ಹಿಡ್ಕೊಂಡು ಓಟ ಕೀಳ್ತವೆ, ಆರ್ಗಾನ್ ಅಯಾನ್ ಅವಕ್ಕಿಂತ ಸುಮಾರು 73,000 ಪಟ್ಟು ಭಾರ, ಆ ವೇಗಕ್ಕೆ ಎಲ್ಲಿ ಓಡುತ್ತೆ. ಇವೆರಡೂ ಬೇರೆಯಾಗೋಕೆ ಹೊರಟ ತಕ್ಷಣ ನಡುವೆ ವಿದ್ಯುತ್ ಕ್ಷೇತ್ರ ಎದ್ದು ನಿಂತು ಎಲೆಕ್ಟ್ರಾನನ್ನ ಹಿಂದಕ್ಕೆ ಜಗ್ಗುತ್ತೆ, ಅಯಾನನ್ನ ಮುಂದಕ್ಕೆ ದೂಡುತ್ತೆ. ಆ ಕ್ಷೇತ್ರ ಇರೋ ಕಡೆ ವೋಲ್ಟೇಜ್ ಇಳಿಜಾರಾಗಿರುತ್ತೆ, ಪ್ರೋಬ್ ಇಳಿದಿದ್ದು ಆ ಇಳಿಜಾರನ್ನೇ.

ಪುಸ್ತಕದಲ್ಲಿ ಎಷ್ಟು ಸಲ ಓದಿದ್ದೀನೋ. ಧ್ರುವಪ್ರಭೆ ಮೇಲ್ಗಡೆ ಸಾವಿರಾರು ಕಿಲೋಮೀಟರ್ ಎತ್ತರದಲ್ಲೂ ವೋಲ್ಟೇಜಿನ ಇಂಥ ಇಳಿಜಾರುಗಳಿರ್ತವೆ, ಅಲ್ಲಿ ವೇಗ ಪಡೆದ ಎಲೆಕ್ಟ್ರಾನ್‌ಗಳು ಕೆಳಗೆ ಬಂದು ಗಾಳಿಗೆ ಬಡಿದಾಗ್ಲೇ ಆಕಾಶ ಹಸಿರಾಗೋದು.

ನನ್ನ ಕೈಗೆ ಸಿಕ್ಕಿದ್ದು ಕೆಲವೇ ವೋಲ್ಟ್. ಟೇಬಲ್ ತುಂಬಿದ ಮೇಲೂ ಇನ್ನೂ ನಾಲ್ಕು ಸಲ ಅಳೆದೆ, ಬರ್ಕೊಳ್ಳೋಕಲ್ಲ, ಸುಮ್ನೆ ನೋಡೋಕೆ.