ತಕ್ಕಡಿ ಕದಲಲಿಲ್ಲವೆಂದು ಡಯಾಲಿಸಿಸ್ ರೋಗಿ ಸೊರಗಿಲ್ಲ ಎನ್ನಬೇಡಿ

ಮೂತ್ರ ಸರಿಯಾಗಿ ಹೋಗದ ದೇಹದಲ್ಲಿ ತೂಕವನ್ನಷ್ಟೇ ನಂಬುವಂತಿಲ್ಲ. ಎರಡು ಕಿಲೋ ಮಾಂಸಖಂಡ ಕರಗಿ, ಆ ಜಾಗದಲ್ಲಿ ಎರಡು ಕಿಲೋ ನೀರು ನಿಂತರೆ ತಕ್ಕಡಿಯ ಮುಳ್ಳು ಕದಲುವುದಿಲ್ಲ. ಬಿಪಿ ಏರುತ್ತದೆ, ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಆಗ ಡ್ರೈ ವೇಯ್ಟ್ (ಹೆಚ್ಚುವರಿ ನೀರು ತೆಗೆದ ಮೇಲೆ ಇರಬೇಕಾದ ತೂಕ) ಇಳಿಸಬೇಕಾಗಿ ಬಂತೆಂದರೆ, ಮೈ ಇಳಿದಿದೆ ಎಂದೇ ಮೊದಲು ಅನುಮಾನಿಸಬೇಕು. ಡಯಾಲಿಸಿಸ್ ಮುಗಿದ ಮೇಲಿನ ತೂಕವನ್ನೇ ಹೋಲಿಸಿ ನೋಡಿ: ಮೂರು ತಿಂಗಳಲ್ಲಿ ಶೇ. 5 ಅಥವಾ ಆರು ತಿಂಗಳಲ್ಲಿ ಶೇ. 10 ತಾನಾಗಿ ಇಳಿದಿದ್ದರೆ ಅಪಾಯ. 60 ಕಿಲೋ ಇದ್ದವರಿಗೆ ಮೂರು ತಿಂಗಳಲ್ಲಿ 3 ಕಿಲೋ.

ಆಮೇಲೆ ಕೈ ಹಚ್ಚಿ ನೋಡಬೇಕು. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಜೋಡಿಸಿದ ರಕ್ತನಾಳ) ಇಲ್ಲದ ಕೈಯ ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿ ಹಿಡಿಯಲು ಹೇಳಿ. ಎರಡರ ನಡುವಿನ ಖಂಡ ಉಬ್ಬಿ ಬರಬೇಕು. ಚಪ್ಪಟೆಯಾಗಿದ್ದರೆ ಅಥವಾ ಗುಳಿ ಬಿದ್ದಿದ್ದರೆ ಸ್ನಾಯು ಸವೆದಿದೆ. ಕಣತಲೆ, ಕಾಲರ್ ಬೋನ್ ಸುತ್ತ, ತೊಡೆಯ ಮುಂಭಾಗವನ್ನೂ ಬಿಡಬೇಡಿ.

ರಕ್ತದಲ್ಲಿನ ಪ್ರೋಟೀನ್ ಆದ ಆಲ್ಬುಮಿನ್ ಡೆಸಿಲೀಟರಿಗೆ 3.8 ಗ್ರಾಂಗಿಂತ ಕಡಿಮೆ ಬಂದರೆ ಅದು ಎಚ್ಚರಿಕೆಯೇ. ಆದರೆ ಕೂಡಲೇ ಪ್ರೋಟೀನ್ ಪುಡಿ ಬರೆದುಕೊಟ್ಟು ಸುಮ್ಮನಾಗಬಾರದು. ಡಯಾಲಿಸಿಸ್ ಕೊಳವೆಯಾದ ಕ್ಯಾಥೆಟರ್‌ನಲ್ಲಿ ಸೋಂಕಿದ್ದರೂ, ಮೈಯಲ್ಲಿ ನೀರು ಹೆಚ್ಚಿದ್ದರೂ ಅದು ಇಳಿಯುತ್ತದೆ. ಜೊತೆಗೆ ಉರಿಯೂತ ತೋರಿಸುವ ರಕ್ತಪರೀಕ್ಷೆ ಸಿಆರ್‌ಪಿ ನೋಡಿ. ಅದು ಏರಿದ್ದರೆ ಉರಿಯೂತದ ಮೂಲ ಹುಡುಕದೆ ಎಷ್ಟು ತಿನ್ನಿಸಿದರೂ ಆಲ್ಬುಮಿನ್ ಮೇಲೇಳುವುದು ಕಷ್ಟ.

ಹೆಚ್ಚು ಜನ ಎಡವುವುದು "ಒಳ್ಳೆಯ" ರಿಪೋರ್ಟಿನಲ್ಲಿ. ರಂಜಕ, ಪೊಟ್ಯಾಸಿಯಂ, ಡಯಾಲಿಸಿಸ್‌ಗೆ ಮುಂಚಿನ ಯೂರಿಯಾ ಮೂರೂ ಒಟ್ಟಿಗೆ ಇಳಿದಿದ್ದರೆ ಪಥ್ಯ ಚೆನ್ನಾಗಿದೆ ಎಂದು ಹೊಗಳುವ ಮುನ್ನ, ಹೊಟ್ಟೆಗೆ ಏನಾದರೂ ಹೋಗುತ್ತಿದೆಯೇ ಎಂದು ಕೇಳಿ. ಡಯಾಲಿಸಿಸ್ ಪ್ರಮಾಣ ಬದಲಾಗದೆ ಕ್ರಿಯಾಟಿನಿನ್ (ಸ್ನಾಯುವಿನಿಂದ ರಕ್ತಕ್ಕೆ ಸೇರುವ ತ್ಯಾಜ್ಯ) ತಿಂಗಳಿಂದ ತಿಂಗಳಿಗೆ ಕುಸಿಯುತ್ತಿದ್ದರೆ, ಮೂತ್ರಪಿಂಡ ಚೇತರಿಸಿಕೊಳ್ಳುತ್ತಿದೆ ಎಂದು ಹಿಗ್ಗುವಂತಿಲ್ಲ. ಬಹಳ ಸಲ ಸ್ನಾಯು ಕರಗುತ್ತಿರುತ್ತದೆ.

ಊಟದ ಲೆಕ್ಕ ಮೂರು ದಿನದ್ದಿರಲಿ, ಅದರಲ್ಲಿ ಒಂದು ಡಯಾಲಿಸಿಸ್ ದಿನ ಇರಲೇಬೇಕು. ಊಟ ತಪ್ಪುವುದು, ಸುಸ್ತಾಗಿ ಉಣ್ಣದೆ ಮಲಗುವುದು ಆವತ್ತೇ. ಬೇಕಾದದ್ದು ದಿನಕ್ಕೆ ಕಿಲೋ ತೂಕಕ್ಕೆ 1.0ರಿಂದ 1.2 ಗ್ರಾಂ ಪ್ರೋಟೀನ್, 25ರಿಂದ 35 ಕ್ಯಾಲೊರಿ. ರಕ್ತವನ್ನು ಯಂತ್ರದಲ್ಲಿ ಶೋಧಿಸುವ ಹೀಮೋಡಯಾಲಿಸಿಸ್‌ನಲ್ಲಿ ಪ್ರತಿ ಸಲವೂ ಪ್ರೋಟೀನಿನ ಘಟಕವಾದ ಅಮೈನೋ ಆಮ್ಲ ಹಲವು ಗ್ರಾಂ ತೊಳೆದುಹೋಗುತ್ತದೆ. ಡಯಾಲಿಸಿಸ್ ಶುರುವಾಗುವ ಮುಂಚೆ ಹೇಳಿದ್ದ "ಪ್ರೋಟೀನ್ ಕಡಿಮೆ ಮಾಡಿ" ಎಂಬ ಮಾತನ್ನು ಆಮೇಲೂ ನಿಷ್ಠೆಯಿಂದ ಪಾಲಿಸುವವರಿದ್ದಾರೆ. ಆ ಸೂಚನೆ ಬದಲಾಗಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಸಂಕಟದ ವಿಷಯ ಇದು.

ಇವುಗಳಲ್ಲಿ ಹಲವನ್ನು ಒಂದೆಡೆ ತರಲು ಎಂಐಎಸ್ (ಅಪೌಷ್ಟಿಕತೆ-ಉರಿಯೂತ ಅಂಕ) ಎಂಬ ಅಂಕಪಟ್ಟಿ ಇದೆ: ಹತ್ತು ಅಂಶ, ತಲಾ 0ಯಿಂದ 3, ಒಟ್ಟು 30. ಅಂಕ ಹೆಚ್ಚಿದಷ್ಟೂ ಸ್ಥಿತಿ ಕೆಟ್ಟದ್ದು. ಪ್ರತಿ ಸಲ ಒಬ್ಬರೇ ಅಂಕ ಹಾಕಿದರೆ ಏರಿಳಿತ ನಂಬುವಂತಿರುತ್ತದೆ.

ಅಂಕ ಏರಿದಾಗ ಊಟದ ಚೀಟಿ ಬರೆಯುವ ಮೊದಲು ಹಸಿವು ಸತ್ತದ್ದು ಏಕೆಂದು ನೋಡಿ: ಹಲ್ಲುನೋವು, ಮಲಬದ್ಧತೆ, ಖಿನ್ನತೆ, ಸಕ್ಕರೆ ಕಾಯಿಲೆಯಿಂದ ಜಡವಾದ ಹೊಟ್ಟೆ, ರಕ್ತದ ಆಮ್ಲತೆ ತಡೆಯುವ ಬೈಕಾರ್ಬನೇಟ್ 22ಕ್ಕಿಂತ (mEq/L) ಇಳಿದಿರುವುದು, ಸಾಕಾಗದ ಡಯಾಲಿಸಿಸ್.