ನಾನೂರರಿಂದ ಶುರುವಾಗುವ ನಂಬರು

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಡಿಪ್ಲೊಮಾದಿಂದ ನೇರ ಎರಡನೇ ವರ್ಷಕ್ಕೆ ಬಂದವರು, ಅಂದರೆ ಲ್ಯಾಟರಲ್‌ನವರು, ಯಾರು ಅಂತ ತಿಳಿಯಲು ಯುಎಸ್‌ಎನ್, ಅಂದರೆ ವಿದ್ಯಾರ್ಥಿಯ ನೋಂದಣಿ ಸಂಖ್ಯೆ, ನೋಡಿದರೆ ಸಾಕು. ಪಿಯುಸಿ ಮುಗಿಸಿ ಬಂದವರ ನಂಬರು 001ರಿಂದ ಶುರು, ನಮ್ಮದು 400ರಿಂದ. ನಂಬರಿನೊಳಗೆ ಬರುವ ಸೇರಿದ ವರ್ಷವೂ ಬೇರೆ. ಕ್ಲಾಸಿನವರಿಗೆಲ್ಲ 18 ಅಂತಿದ್ದರೆ ನಮಗೆ 19. ಅಟೆಂಡೆನ್ಸ್‌ನಲ್ಲಿ ನಾವು ಕಟ್ಟಕಡೆಗೆ. ಕೆಲವು ಸಲ ಮೇಡಂ ರಿಜಿಸ್ಟರ್ ಮುಚ್ಚಿಯೇ ಬಿಡುತ್ತಿದ್ದರು. ಹಿಂದಿನ ಬೆಂಚಿನಿಂದ "ಮೇಡಂ, ಲ್ಯಾಟರಲ್‌ನವರು" ಅಂತ ಕೂಗಬೇಕಿತ್ತು.

ನೆಂಟರ ಲೆಕ್ಕದಲ್ಲಿ ಡಿಪ್ಲೊಮಾ ಅಂದರೆ ವರ್ಷ ಹಾಳು. ಆದರೆ ಎಸ್ಸೆಸ್ಸೆಲ್ಸಿ ಆದಮೇಲೆ ಪಾಲಿಟೆಕ್ನಿಕ್ 3 ವರ್ಷ, ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ನೇರವಾಗಿ ಬಿಇಯ ಮೂರನೇ ಸೆಮಿಸ್ಟರಿಗೆ ಸೇರಿದರೆ ಇನ್ನು 3 ವರ್ಷ. ಪಿಯುಸಿ 2, ಬಿಇ 4, ಅದೂ ಆರೇ ಅಲ್ವಾ?

ಸೇರಿದ ಹೊಸದರಲ್ಲಿ ಒಂದು ದಿನ ಬೆಳಿಗ್ಗೆ ಗಣಿತದಲ್ಲಿ ಫೋರಿಯರ್ ಸರಣಿಯ (ಫಂಕ್ಷನ್ನನ್ನು ಸೈನ್, ಕಾಸ್‌ಗಳ ಮೊತ್ತವಾಗಿ ಬರೆಯುವುದು) ಕ್ಲಾಸು. ಸೀಟು ಹಂಚಿಕೆ ಮುಗಿದು ನಾವು ಬರುವ ಹೊತ್ತಿಗೆ ಪಾಠ ಆಗಲೇ ಮುಂದೆ ಹೋಗಿತ್ತು. ಸರ್ ಬೋರ್ಡಿನ ಮೇಲೆ ಬರ್ನೌಲಿ ರೂಲ್ (ಇಂಟಿಗ್ರೇಷನ್ನಿನ ಒಂದು ಶಾರ್ಟ್‌ಕಟ್) ಹಾಕಿ ಎರಡೇ ಸಾಲಿನಲ್ಲಿ ಇಂಟಿಗ್ರೇಷನ್ ಮುಗಿಸಿದರು. ಕಾಸ್ ಎನ್‌ಪೈ ಇದ್ದ ಕಡೆ ಮೈನಸ್ ಒಂದರ ಘಾತ ಎನ್ ಅಂತ ಬರೆದು, "ಇದೆಲ್ಲ ಪಿಯುಸಿಯಲ್ಲೇ ಆಗಿದೆಯಲ್ಲ" ಅಂದು ಮುಂದಕ್ಕೆ ಹೋದರು. ಇಂಟಿಗ್ರೇಷನ್ ನಮಗೂ ಡಿಪ್ಲೊಮಾದಲ್ಲಿ ಇತ್ತು. ಆದರೆ ಈ ಓಟದಲ್ಲಿ ಅಲ್ಲ. ಎನ್ ಸಮಸಂಖ್ಯೆಯಾದರೆ 1, ಬೆಸವಾದರೆ ಮೈನಸ್ 1, ಅಷ್ಟೇ ವಿಷಯ ಅಂತ ನನಗೆ ಹೊಳೆಯುವಷ್ಟರಲ್ಲಿ ಬೋರ್ಡು ಒರೆಸಿಯಾಗಿತ್ತು.

ಮಧ್ಯಾಹ್ನ ಡೇಟಾ ಸ್ಟ್ರಕ್ಚರ್ ಲ್ಯಾಬು. ವಿದ್ಯಾರ್ಥಿಗಳ ಯುಎಸ್‌ಎನ್, ಹೆಸರು, ಬ್ರ್ಯಾಂಚು, ಸೆಮಿಸ್ಟರು, ಫೋನ್ ನಂಬರುಗಳ ಲಿಂಕ್ಡ್ ಲಿಸ್ಟ್ ಮಾಡುವ ಪ್ರೋಗ್ರಾಮು. ಅಂದರೆ ಒಂದೊಂದು ದಾಖಲೆಯೂ (ನೋಡ್) ಮುಂದಿನದನ್ನು ತೋರಿಸುವ ಸರಪಳಿ. ಪಕ್ಕದವನು, ಬೆಳಿಗ್ಗೆ ಆ ಲೆಕ್ಕವನ್ನು ಬೋರ್ಡಿಗಿಂತ ಮೊದಲೇ ಮುಗಿಸಿ ಕೂತಿದ್ದವನು, ಪರದೆ ನೋಡುತ್ತಾ ತಲೆ ಕೆರೆದುಕೊಳ್ಳುತ್ತಿದ್ದ. "ಮಗಾ, ಕೊನೆಯ ನೋಡ್ ಡಿಲೀಟ್ ಮಾಡಿದ್ರೆ ಒಮ್ಮೊಮ್ಮೆ ಸರಿ, ಒಮ್ಮೊಮ್ಮೆ ಸೆಗ್ಮೆಂಟೇಶನ್ ಫಾಲ್ಟ್. ನೋಡು ಸ್ವಲ್ಪ." ಆ ಫಾಲ್ಟ್ ಅಂದರೆ ಪ್ರೋಗ್ರಾಮು ಅರ್ಧಕ್ಕೇ ಸಾಯುವುದು.

ರಫ್ ಹಾಳೆ ತೆಗೆದು ಡಬ್ಬಿ, ಬಾಣ ಬರೆದೆ. ಪಾಲಿಟೆಕ್ನಿಕ್‌ನಲ್ಲಿ ಚಿತ್ರ ಬರೆಯದೆ ಕೀಬೋರ್ಡ್ ಮುಟ್ಟಲು ಬಿಡುತ್ತಿರಲಿಲ್ಲ, ಆ ಚಟ ಹೋಗಿಲ್ಲ. ಮೂರು ಡಬ್ಬಿ ಇದ್ದಾಗ ಅವನ ಕೋಡ್ ಸರಿಯೇ. ಒಂದೇ ಡಬ್ಬಿ ಉಳಿದಾಗ ಹಿಂದಿನ ನೋಡ್ ಅನ್ನುವುದೇ ಇಲ್ಲ. ಹಿಂದಿನದನ್ನು ತೋರಿಸಬೇಕಾದ ಪಾಯಿಂಟರ್ (ನನ್ನ ಚಿತ್ರದ ಬಾಣ) ನಲ್ ಆಗಿರುತ್ತದೆ, ಅಂದರೆ ಯಾವುದನ್ನೂ ತೋರಿಸುವುದಿಲ್ಲ. ಇವನ ಕೋಡ್ ಅದರ ಮೂಲಕವೇ ಬರೆಯಲು ಹೋಗುತ್ತಿತ್ತು. ಒಂದೇ ನೋಡ್ ಇದ್ದರೆ ಅಂತ ಒಂದು ಇಫ್ ಹಾಕಿ, ಮೊದಲ ನೋಡ್ ತೋರಿಸುವ ಹೆಡ್ ಅನ್ನು ನಲ್ ಮಾಡಿದೆವು. ಓಡಿತು.

ಆಮೇಲೆ ಸುಮ್ನೆ ಟೆಸ್ಟ್ ಮಾಡಲು ಮೊದಲು ಅವನ ಯುಎಸ್‌ಎನ್, ನಂತರ ನನ್ನದು ಕೊಟ್ಟೆವು. ಹೊಸ ನೋಡ್ ಮುಂದೆಯೇ ಸೇರಿಸುವ ಪ್ರೋಗ್ರಾಮಾದ್ದರಿಂದ ಕೊನೆಗೆ ಹಾಕಿದ್ದು ಮೊದಲು ಬರುತ್ತದೆ. ನನ್ನ ನಂಬರು ಮೇಲೆ ಬಂತು. "ಅಟೆಂಡೆನ್ಸೂ ಹೀಗೇ ಕರೆಸು ಮಗಾ" ಅಂದ.

ಅಷ್ಟರಲ್ಲಿ ಲ್ಯಾಬಿನ ಸರ್ ಬಂದರು. ಸರಿಪಡಿಸಿದ್ದು ನೋಡಿ ತಲೆಯಾಡಿಸಿ ಕೇಳಿದರು: "ಸರಿ, ನಲ್ ಮುಟ್ಟಿದರೆ ಪ್ರೋಗ್ರಾಮ್ ಸಾಯುತ್ತದೆ. ಸಾಯಿಸುವುದು ಯಾರು?" ನಾನು ಕಂಪೈಲರ್ ಇರಬೇಕು ಅಂದುಕೊಂಡೆ, ಬಾಯಿ ಬಿಡಲಿಲ್ಲ. ಅವರೇ ಹೇಳಿದರು. ಆಪರೇಟಿಂಗ್ ಸಿಸ್ಟಮ್ ಸೊನ್ನೆಯ ವಿಳಾಸದ ಸುತ್ತಲಿನ ಜಾಗವನ್ನು ಪ್ರೋಗ್ರಾಮಿಗೆ ಕೊಟ್ಟೇ ಇರುವುದಿಲ್ಲ. ಅಲ್ಲಿ ಕೈ ಹಾಕಿದರೆ ಪ್ರೊಸೆಸರ್ ತಡೆಯುತ್ತದೆ, ಸಿಸ್ಟಮ್ ಪ್ರೋಗ್ರಾಮನ್ನು ನಿಲ್ಲಿಸುತ್ತದೆ. ಡಿಪ್ಲೊಮಾದಲ್ಲಿ ಆಪರೇಟಿಂಗ್ ಸಿಸ್ಟಮ್ ಪೇಪರಿನಲ್ಲಿ ಪೇಜಿಂಗ್ (ಮೆಮೊರಿಯನ್ನು ತುಂಡುಗಳಾಗಿ ಹಂಚುವ ವಿಧಾನ) ಬಗ್ಗೆ ಉದ್ದುದ್ದ ಬರೆದಿದ್ದೆ. ಅದಕ್ಕೂ ಈ ಕ್ರ್ಯಾಶಿಗೂ ನಂಟಿದೆ ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಡಿಗ್ರಿಗೆ ಬಂದದ್ದು ಯಾಕೆ ಅಂತ ನನಗೆ ಮೊದಲ ಸಲ ಗೊತ್ತಾಗಿದ್ದು ಆ ಪ್ರಶ್ನೆಯಿಂದಲೇ.

ಗಣಿತದ ಕಥೆ ಅಷ್ಟು ಸಲೀಸಲ್ಲ. ನಮ್ಮ ಕಾಲದಲ್ಲಿ ಲ್ಯಾಟರಲ್‌ನವರಿಗೆ ಅಡಿಷನಲ್ ಮ್ಯಾಥಮ್ಯಾಟಿಕ್ಸ್ ಅಂತ ಮೂರು ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಒಂದೊಂದು ಪೇಪರ್ ಜಾಸ್ತಿ ಇತ್ತು. ಅದಕ್ಕೆ ಕ್ರೆಡಿಟ್ ಇರಲಿಲ್ಲ, ಪಾಸಾಗದಿದ್ದರೆ ಡಿಗ್ರಿಯೂ ಸಿಗುತ್ತಿರಲಿಲ್ಲ. ಪಕ್ಕದವನ ಪಿಯುಸಿ ನೋಟ್ಸ್ ಓದಿಯೇ ನಾನು ಅವನ್ನು ದಾಟಿದ್ದು. ಡಿಫರೆನ್ಸಿಯೇಷನ್ ಕಲಿಸುವ ಆ ಪೇಪರನ್ನು ಫೋರಿಯರ್ ಜೊತೆಗೇ ಇಟ್ಟವರ ತರ್ಕ ನನಗೆ ಇಂದಿಗೂ ಅರ್ಥವಾಗಿಲ್ಲ. ಡಿಸಿಇಟಿ ಬರೆದು ಸೀಟು ಸಿಗುವವರೆಗೆ ನಾವೆಲ್ಲ ಮನೆಯಲ್ಲಿ ಸುಮ್ನೆ ಕೂತಿದ್ದೆವು. ಆಗಲೇ ಕಲಿಸಬಹುದಿತ್ತಲ್ಲ!