ಒಂದೇ ದೊಡ್ಡ ಐಸ್ ತುಂಡು

ನಿನ್ನೆ ರಾತ್ರಿ ನಾವಿಬ್ಬರೂ ಹೊಸದಾಗಿ ತೆರೆದ ಕಾಕ್‌ಟೇಲ್ ಬಾರ್‌ಗೆ ಹೋಗಿದ್ದೆವು. ಟೇಬಲ್ ಖಾಲಿ ಇದ್ದರೂ ಕೌಂಟರ್ ಮುಂದೆಯೇ ಕೂತೆವು. ಅದೇ ಒಳ್ಳೆಯದಾಯಿತು.

ನಾನು ಓಲ್ಡ್ ಫ್ಯಾಷನ್ಡ್ ಅನ್ನೋ ಕಾಕ್‌ಟೇಲ್ ಕೇಳಿದೆ. ಸಕ್ಕರೆ, ಎರಡು ಹನಿ ಬಿಟರ್ಸ್ (ಗಿಡಮೂಲಿಕೆಗಳ ಕಹಿ ಸಾರ), ವಿಸ್ಕಿ, ಗ್ಲಾಸ್ ತುಂಬುವಷ್ಟು ದೊಡ್ಡ ಒಂದೇ ಐಸ್ ತುಂಡು. ಬಾರ್‌ಟೆಂಡರ್ ಅದನ್ನು ಕುಲುಕಲಿಲ್ಲ, ಉದ್ದ ಚಮಚದಲ್ಲಿ ಸದ್ದಿಲ್ಲದೆ ತಿರುಗಿಸುತ್ತಾ ಹೋದಳು. ಕೊನೆಗೆ ಕಿತ್ತಳೆ ಸಿಪ್ಪೆಯನ್ನು ಗ್ಲಾಸಿನ ಮೇಲೆ ಹಿಂಡಿದಳು. ಸಣ್ಣಗೆ ಎಣ್ಣೆ ಚಿಮ್ಮಿತು, ಘಮ ಇಬ್ಬರಿಗೂ ಬಂತು.

'ಒಂದೇ ತುಂಡು ಯಾಕೆ?' ಅಂತ ಅವನು ಕೇಳಿದ. ದೊಡ್ಡದಾದರೆ ನಿಧಾನಕ್ಕೆ ಕರಗುತ್ತೆ, ಡ್ರಿಂಕ್ ಬೇಗ ನೀರಾಗಲ್ಲ ಎಂದಳು. 1806ರಲ್ಲಿ ಅಮೆರಿಕದ ಪತ್ರಿಕೆಯೊಂದು ಕಾಕ್‌ಟೇಲ್ ಅಂದರೆ ಮದ್ಯ, ಸಕ್ಕರೆ, ನೀರು, ಬಿಟರ್ಸ್ ಎಂದು ಬರೆದಿತ್ತು. ಅಂದರೆ ನೀರೂ ರುಚಿಯ ಪಾಲೇ, ಅಲ್ವಾ? ಮೊದಲ ಗುಟುಕಿಗಿಂತ ಅರ್ಧ ಗ್ಲಾಸಿನ ಹೊತ್ತಿಗೆ ನನಗೆ ಜಾಸ್ತಿ ಇಷ್ಟವಾಯಿತು.

ಊಟ ಪರವಾಗಿಲ್ಲ. ಮ್ಯೂಸಿಕ್ ಸ್ವಲ್ಪ ಜೋರು. ಆದರೆ ಎಷ್ಟೋ ದಿನಗಳ ಮೇಲೆ ಫೋನ್ ಮುಟ್ಟದೆ ಎರಡು ಗಂಟೆ ಸುಮ್ನೆ ಮಾತಾಡಿದೆವು. ಬಾಕಿ ಉಳಿದ ಕೆಲಸಗಳ ಬಗ್ಗೆ ಅಲ್ಲ, ನಮ್ಮ ಬಗ್ಗೆ. ಅವನು ನನ್ನ ಗ್ಲಾಸಿನ ಸಿಪ್ಪೆ ತೆಗೆದು ಮಡಚುತ್ತಲೇ ಇದ್ದ. ಟ್ಯಾಕ್ಸಿಯಲ್ಲಿ ಕೈ ಹಿಡಿದಾಗ ಅವನ ಬೆರಳಲ್ಲಿ ಇನ್ನೂ ಕಿತ್ತಳೆ ಘಮ.